ಚಿತ್ರದ ಕೆಳಗೆ ಇಸವಿಯೂ ಇರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಇತಿಹಾಸದ ಲೇಖನ ಬಂದಾಗ ಜೊತೆಗೊಂದು ಹಳೆಯ ಬಣ್ಣದ ಚಿತ್ರ ಇರುತ್ತದೆ. ಕೆಳಗೆ ಸುಮ್ನೆ ‘ಕ್ರುಸೇಡ್ ಯುದ್ಧದ ದೃಶ್ಯ’ (ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಮುಸ್ಲಿಮರೊಡನೆ ನಡೆಸಿದ ಧರ್ಮಯುದ್ಧ) ಎಂದಷ್ಟೇ ಇರುತ್ತದೆ. ಬರೆದವರು ಯಾರು, ಯಾವಾಗ, ಎಲ್ಲಿ ಕೂತು ಬರೆದರು ಎಂಬುದು ಇರುವುದಿಲ್ಲ. ನೋಡಿದವರು ಅದನ್ನು ಫೋಟೊದಂತೆ ನಂಬಿಬಿಡುತ್ತಾರೆ.

ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿಯನ್ನೇ ನೋಡಿ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದಲ್ಲಿದ್ದವನು. ಕ್ರೈಸ್ತರು ಮುಸ್ಲಿಮರೆದುರು ಸೋತ 1187ರ ಹಟ್ಟೀನ್ ಯುದ್ಧವನ್ನು ಅವನು ಚಿತ್ರಿಸಿದ್ದು ಸುಮಾರು ಅರ್ಧ ಶತಮಾನದ ನಂತರ. ಅದರಲ್ಲಿ ಮುಸ್ಲಿಮರ ಸುಲ್ತಾನ ಸಲಾದಿನ್, ಜೆರುಸಲೇಮಿನ ಕ್ರೈಸ್ತ ರಾಜ ಗೀ ಕೈಯಿಂದ ಪವಿತ್ರ ಶಿಲುಬೆಯನ್ನು (ಯೇಸುವನ್ನು ಏರಿಸಿದ ಶಿಲುಬೆಯದೆಂದು ಕ್ರೈಸ್ತರು ನಂಬಿದ್ದ ತುಂಡು) ಕಿತ್ತುಕೊಳ್ಳುತ್ತಿದ್ದಾನೆ. ನಿಜವಾಗಿ ಶಿಲುಬೆ ಹೊತ್ತು ಹೋಗಿದ್ದವನು ಏಕರ್ ಎಂಬ ಊರಿನ ಬಿಷಪ್, ಅವನು ಆ ಯುದ್ಧದಲ್ಲೇ ಸತ್ತ. ಇಬ್ಬರು ರಾಜರ ಜಟಾಪಟಿ ನೋಡೋಕೆ ಚೆಂದ, ಅಲ್ವಾ?

ಜೆರುಸಲೇಮಿನ ಕಥೆ ಇನ್ನೂ ಸ್ವಾರಸ್ಯ. ಆ ಊರಿನ ಕೋಟೆ ದುಂಡಗಿಲ್ಲ. ಆದರೂ 12ನೇ ಶತಮಾನದ ಯುರೋಪಿನ ಹಲವು ನಕ್ಷೆಗಳಲ್ಲಿ ಅದು ಅಚ್ಚುಕಟ್ಟಾದ ವೃತ್ತ, ಒಳಗೆ ಶಿಲುಬೆಯಾಕಾರದ ಬೀದಿಗಳು. ಮುಸ್ಲಿಮರು ಕಟ್ಟಿದ ‘ಬಂಡೆಯ ಗುಮ್ಮಟ’ ಎಂಬ ಪವಿತ್ರ ಕಟ್ಟಡಕ್ಕೆ ‘ಪ್ರಭುವಿನ ದೇಗುಲ’ ಎಂಬ ಹೆಸರು. ನೆದರ್ಲೆಂಡ್ಸಿನ ಹೇಗ್ ನಗರದ ಗ್ರಂಥಾಲಯದಲ್ಲಿರುವ ಒಂದು ನಕ್ಷೆಯ ತಳದಲ್ಲಂತೂ ಸಂತ ಜಾರ್ಜ್ ಕುದುರೆಯೇರಿ ಶತ್ರುಗಳನ್ನು ಅಟ್ಟುತ್ತಿದ್ದಾನೆ. ನಕ್ಷೆಯಲ್ಲಿ ಸಂತನಿಗೇನು ಕೆಲಸ! 1099ರಲ್ಲಿ ಊರನ್ನು ಗೆದ್ದ ಕ್ರೈಸ್ತರ ಹೆಮ್ಮೆ ಅದು. ಆಗ ಅಲ್ಲಿ ಕೊಲೆಯಾದ ಮುಸ್ಲಿಮರು, ಯಹೂದಿಗಳು ಆ ನಕ್ಷೆಯಲ್ಲಿ ಕಾಣುವುದಿಲ್ಲ.

ಇಂಥ ಚಿತ್ರಗಳನ್ನು ಹಾಕಬೇಡಿ ಎನ್ನುತ್ತಿಲ್ಲ, ಜಾಸ್ತಿಯೇ ಹಾಕಿ. ಬರೆದ ಕಾಲ, ಊರು, ಈಗ ಎಲ್ಲಿದೆ ಎಂಬ ಒಂದು ಸಾಲು ಮಾತ್ರ ಸೇರಿಸಿ.

– ಒಬ್ಬ ಓದುಗ, ಮೈಸೂರು