ಡಕೋಟಾ ಹಾರಿಸಿದವರ ಕಥೆಯೂ ಬರಲಿ

ಸಂಪಾದಕರೇ,

ವಾಯುಪಡೆ ಅಂದ ತಕ್ಷಣ ಪತ್ರಿಕೆಗಳಲ್ಲಿ ಬರುವುದು ಜಾಸ್ತಿ ಫೈಟರ್ ವಿಮಾನಗಳ ಕಥೆಯೇ. ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತು ತಿರುಗಿದ 12ನೇ ಸ್ಕ್ವಾಡ್ರನ್ (ವಾಯುಪಡೆಯ ವಿಮಾನ ತುಕಡಿ) ಬಗ್ಗೆ ಓದಲು ಸಿಗುವುದು ತೀರಾ ಕಡಿಮೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. 1947ರ ಅಕ್ಟೋಬರ್ 27ರ ಬೆಳಗ್ಗೆ ಸಿಖ್ ರೆಜಿಮೆಂಟಿನ ಯೋಧರನ್ನು ತುಂಬಿಕೊಂಡು ಅದರ ಡಕೋಟಾ ಸರಕು ವಿಮಾನಗಳು ಶ್ರೀನಗರದಲ್ಲಿ ಇಳಿಯದೇ ಹೋಗಿದ್ದರೆ ಆ ವಿಮಾನ ನಿಲ್ದಾಣ ಕೈತಪ್ಪಿ ಹೋಗುತ್ತಿತ್ತು ಅಂತಲೇ ನನ್ನ ನಂಬಿಕೆ. ಪಾಕಿಸ್ತಾನದ ಜೊತೆಗಿನ ಆ ಕಾಶ್ಮೀರ ಯುದ್ಧದ ಶುರುವಿನಲ್ಲಿ ನಮ್ಮ ವಾಯುಪಡೆಯ ಹತ್ತಿರ ಬಾಂಬರ್‌ಗಳಿರಲಿಲ್ಲ. ಹಾಗಾಗಿ ಇದೇ ಸರಕು ವಿಮಾನದ ಬಾಗಿಲಲ್ಲಿ ನಿಂತು ಬಾಂಬ್‌ಗಳನ್ನು ಕೈಯಿಂದಲೇ ಹೊರಕ್ಕೆ ಉರುಳಿಸಿದರು!

ಲೇಹ್‌ನದಂತೂ ಬೇರೆಯೇ ಕಥೆ. 1948ರ ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಹಿಮಾಲಯದ ಸಾಲುಗಳನ್ನು ದಾಟಿ ಸುಮಾರು 11,000 ಅಡಿ ಎತ್ತರದಲ್ಲಿ, ಎಂಜಿನಿಯರ್ ಸೋನಮ್ ನೋರ್ಬು ಊರವರ ಜೊತೆ ಸೇರಿ ಮಾಡಿಸಿದ್ದ ಕಚ್ಚಾ ರನ್‌ವೇಯಲ್ಲಿ ಡಕೋಟಾ ಇಳಿಸಿದರು. ಜೊತೆಗಿದ್ದವರು ಯಾರು ಗೊತ್ತಾ? ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಅವರ ಹೆಸರು ನಮಗೆಲ್ಲ ಗೊತ್ತು, ಆದರೆ ಆ ಹಾರಾಟ ಎಷ್ಟು ಜನರಿಗೆ ಗೊತ್ತು? ದಯವಿಟ್ಟು ಈ ಸ್ಕ್ವಾಡ್ರನ್ ಬಗ್ಗೆ ಭಾನುವಾರದ ಪುರವಣಿಯಲ್ಲಿ ಒಂದು ಪೂರ್ತಿ ಪುಟ ಕೊಡಿ.

ಇಂತಿ,
ನಿಮ್ಮ ಓದುಗ