ಪೆಟ್ಟಿಗೆ ಬೇಡ, ಹೇಂಟೆಯನ್ನೇ ಕೂರಿಸು

ಲೀಡ್ಸ್, ಇಂಗ್ಲೆಂಡ್
ಮೇ 10

ಪ್ರೀತಿಯ ತಮ್ಮ ಮಂಜುವಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಶಾಲೆ ತೆರೆದ ಮೇಲೆ ಮಕ್ಕಳ ಕಣ್ಣೆದುರೇ ಕೋಳಿಮೊಟ್ಟೆಯಿಂದ ಮರಿ ಮಾಡಿಸಬೇಕು, ಅದಕ್ಕೆ ಬಲ್ಬಿನ ಬಿಸಿಯಲ್ಲಿ ಕಾವು ಕೊಡುವ ಪೆಟ್ಟಿಗೆ ಹೇಗೆ ಮಾಡುವುದು ಎಂದು ಕೇಳಿದ್ದೀಯ. ನಾನು ಸಹಾಯಕಿಯಾಗಿರುವ ತರಗತಿಯಲ್ಲಿ ಈಗಷ್ಟೇ ಅದು ಮುಗಿದಿದೆ. ಅದನ್ನು ನೋಡಿದ ಮೇಲೆ ಹೇಳುತ್ತಿದ್ದೇನೆ, ಪೆಟ್ಟಿಗೆ ಬೇಡ.

ಇಲ್ಲಿ ಕಾವು ಕೊಡುವ ಯಂತ್ರವನ್ನೂ ಮೊಟ್ಟೆಯನ್ನೂ ಬಾಡಿಗೆಗೆ ತರಿಸುತ್ತಾರೆ. ಬರುವಾಗಲೇ ಮೊಟ್ಟೆ ಒಡೆಯುವ ದಿನ ಹತ್ತಿರವಾಗಿರುತ್ತದೆ. ಚಿಪ್ಪಿನೊಳಗಿಂದಲೇ ಚಿಂವ್‌ಗುಟ್ಟುವುದು ಕೇಳಿದಾಗ ನನಗೂ ಮೈ ಜುಮ್ಮೆಂದಿತು. ಮರಿಯ ಕೊಕ್ಕಿನ ತುದಿಗೆ ಮುಳ್ಳಿನಂಥದ್ದೊಂದು ಇರುತ್ತದೆ. ಅದರಿಂದ ಕುಟ್ಟಿ ಒಂದು ಸಣ್ಣ ತೂತು ಮಾಡಿ, ಆಮೇಲೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಪೂರ್ತಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಚಿಪ್ಪು ಬಿಡಿಸಿಕೊಡೋಣ ಎಂದು ಒಬ್ಬ ಹುಡುಗ ಅತ್ತೇಬಿಟ್ಟ. ಯಾರೂ ಕೈ ಹಾಕಬಾರದು. ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಹಳದಿ ಭಾಗ ಹೊಟ್ಟೆಯೊಳಗೆ ಸೇರಿ ಮುಗಿದಿರುವುದಿಲ್ಲ. ಆ ಹಳದಿಯ ಬಲದಿಂದಲೇ ಹುಟ್ಟಿದ ಮರಿ ಒಂದೆರಡು ದಿನ ಮೇವಿಲ್ಲದೆ ಇರಬಲ್ಲದು.

ಕೆಲವು ದಿನಗಳ ಬಳಿಕ ಬಾಡಿಗೆಯವರು ಮರಿಗಳನ್ನು ಒಯ್ದರು. ‘ಇವುಗಳ ಅಮ್ಮ ಎಲ್ಲಿ, ಇವನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ’ ಎಂದು ಮಕ್ಕಳು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನನಗೆ ಅದು ತುಂಬಾ ನೋವಾಯಿತು.

ನಿನಗೆ ಆ ಕಷ್ಟವಿಲ್ಲ. ಯಂತ್ರವಾದರೆ 37.5 ಡಿಗ್ರಿ ಬಿಸಿ ಹಗಲೂ ರಾತ್ರಿ ತಪ್ಪಬಾರದು. ಸಕಲೇಶಪುರದ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ! ಕಾವು ಬಂದ ನಾಟಿ ಹೇಂಟೆಗೆ ಕರೆಂಟಿನ ಹಂಗಿಲ್ಲ. ಮೊಟ್ಟೆಗಳನ್ನು ತಾನೇ ಹೊರಳಿಸುತ್ತದೆ, ದಿನಕ್ಕೊಮ್ಮೆ ಎದ್ದು ಮೇವು ನೀರು ಮುಗಿಸಿ ಮರಳಿ ಕೂರುತ್ತದೆ. ಅಮ್ಮನ ಬಳಿ ಅಂಥದ್ದೊಂದು ಇದ್ದೇ ಇರುತ್ತದೆ. ರಾತ್ರಿ ಹೊತ್ತು ಮಂಕರಿ ಸಮೇತ ತಂದು, ಶಾಲೆಯ ಸಾಮಾನು ಕೋಣೆಯ ಕತ್ತಲ ಮೂಲೆಯಲ್ಲಿಡು. ಗಲಾಟೆಯಾದರೆ ಎದ್ದುಬಿಡುತ್ತದೆ, ಮಕ್ಕಳು ಇಬ್ಬಿಬ್ಬರಾಗಿ ಬಂದು ನೋಡಲಿ.

ಬಿಸಿಯೂಟದ ಮೊಟ್ಟೆ ಇಡಬೇಡ. ಅವು ಹುಂಜವಿಲ್ಲದ ಫಾರಂನವು, ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗುವುದಿಲ್ಲ. ಹುಂಜವಿರುವ ಮನೆಯಿಂದ, ವಾರದೊಳಗೆ ಇಟ್ಟ, ಫ್ರಿಜ್ಜಿಗೆ ಸೇರದ ಹತ್ತು ಮೊಟ್ಟೆ ಸಾಕು. ಏಳನೆಯ ದಿನ ಕೋಣೆಯನ್ನು ಕತ್ತಲು ಮಾಡಿ, ಮೊಟ್ಟೆಯ ಅಗಲದ ತುದಿಗೆ ಟಾರ್ಚು ಹಿಡಿದು ತೋರಿಸು: ಕೆಂಪು ನರಗಳು ಜೇಡರ ಬಲೆಯಂತೆ ಹರಡಿರುತ್ತವೆ. ಏನೂ ಕಾಣದ ಮೊಟ್ಟೆಯನ್ನು ತೆಗೆದುಬಿಡು. ಇಲ್ಲಿನ ಮಕ್ಕಳಿಗೆ ಈ ಭಾಗ್ಯವೇ ಸಿಗಲಿಲ್ಲ. ನಿನ್ನ ಮಕ್ಕಳು 21 ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಯಾರೂ ಊಟಕ್ಕೆ ಕೂರಬಾರದು.

ಇನ್ನೊಂದು ಮಾತು. ಹೇಂಟೆಯನ್ನು ಕೂರಿಸುವ ಮೊದಲೇ ಮರಿಗಳು ಯಾರ ಮನೆಗೆ ಎಂದು ಮಕ್ಕಳೊಂದಿಗೆ ಮಾತಾಡಿಕೋ. ತಾಯಿಯಿಂದ ಬೇಗ ಬೇರೆ ಮಾಡಬೇಡ. ಮೊದಲ ವಾರದಲ್ಲೇ ಪಶು ಆಸ್ಪತ್ರೆಯಲ್ಲಿ, ಕೋಳಿಗಳಿಗೆ ಬರುವ ರಾಣಿಕೇತ ರೋಗದ ಲಸಿಕೆ ಕೇಳು.

ಹೇಂಟೆ ಕೊಡಲು ಅಮ್ಮ ಒಪ್ಪದಿದ್ದರೆ ತಿಳಿಸು, ಭಾನುವಾರ ಫೋನಿನಲ್ಲಿ ನಾನೇ ಕೇಳುತ್ತೇನೆ. ಅಪ್ಪ ಅಮ್ಮನಿಗೆ ನಮಸ್ಕಾರಗಳು.

ನಿನ್ನ ಅಕ್ಕ