ಭೂಮಿ ಹುಣ್ಣಿಮೆಯ ಮರುದಿನ ಮಗಳಿಗೆ

ಚಿ. ಪುಟ್ಟಿಗೆ ಅಪ್ಪಯ್ಯನ ಆಶೀರ್ವಾದಗಳು.

ನೀನು ಮೈಸೂರಿಗೆ ಹೊರಟು ಇಂದಿಗೆ ಮೂರು ದಿನವಾಯಿತು. ಹಾಸ್ಟೆಲ್ಲಿನಲ್ಲಿ ಕೋಣೆ ಸಿಕ್ಕಿದೆ, ಊಟಕ್ಕೆ ತೊಂದರೆಯಿಲ್ಲ ಎಂದು ಅಮ್ಮನಿಗೆ ಫೋನು ಮಾಡಿದ್ದೆಯಂತೆ. ಅವಳು ಫೋನು ಹಿಡಿದುಕೊಂಡು ಅಂಗಳಕ್ಕೆ ನನ್ನ ಹತ್ತಿರ ಬರುವಷ್ಟರಲ್ಲಿ ಕರೆ ನಿಂತುಹೋಗಿತ್ತು. ನೆಟ್‌ವರ್ಕ್ ಹೋಗಿರಬೇಕು ಎಂದಳು. ನಾನೂ ಹಾಗೆಯೇ ಅಂದುಕೊಂಡಿದ್ದೇನೆ. ನೀನು ಹೊರಡುವ ಹಿಂದಿನ ರಾತ್ರಿ ನಾನು ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ. ಬೆಳಗಿನ ಬಸ್ಸಿಗೆ ನೀನು ಕಾಲು ಮುಟ್ಟಿ ನಮಸ್ಕರಿಸಿ, ಏನೂ ಹೇಳದೆ ಹತ್ತಿದ್ದು ಸರಿಯಾಗಿಯೇ ಇತ್ತು.

ನಿನ್ನೆ ಭೂಮಿ ಹುಣ್ಣಿಮೆ. ನೀನು ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಚಿತ್ತಾರ ಬರೆದಿಟ್ಟ ಬುಟ್ಟಿಯನ್ನೇ ಹೊತ್ತುಕೊಂಡು ನಸುಕಿನಲ್ಲಿ ಗದ್ದೆಗೆ ಹೋದೆ. ಒಂದು ಮಗ್ಗುಲಿನಲ್ಲಿ ಗೆರೆಗಳು ಅರ್ಧಕ್ಕೇ ನಿಂತಿದ್ದವು. ಅದನ್ನು ತಾನು ತುಂಬಿದರೆ ಕೈ ಬೇರೆಯಾಗುತ್ತದೆ ಎಂದು ಅಮ್ಮ ಹಾಗೆಯೇ ಬಿಟ್ಟಿದ್ದಳು. ಐದು ವರ್ಷದವಳಿದ್ದಾಗಿನಿಂದ ದೊಂದಿಯ ಬೆಳಕಿನಲ್ಲಿ ನನ್ನ ಹಿಂದೆ ನಡೆದು, ನಾನು ಎಡೆಯ ಅನ್ನವನ್ನು ಚರಗವಾಗಿ ಗದ್ದೆಗೆ ಬೀರುವಾಗ ನನಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ನೀನು. ನಿನ್ನೆ ನನ್ನ ಧ್ವನಿಯೊಂದೇ ಇತ್ತು. ‘ಹಚ್ಚಂಬಲಿ, ಹಾಲಂಬಲಿ’ ಎಂದು ಕೂಗುವಾಗ, ಇಷ್ಟು ವರ್ಷ ಬಾಯಿಪಾಠವಾಗಿ ಹೇಳಿದ ಆ ಮಾತಿನ ಲಯ ಮೊದಲ ಬಾರಿಗೆ ಕಿವಿಗೆ ಬಿತ್ತು. ಪೈರು ತುಂಬಿದ ಗದ್ದೆಗೆ, ಬಸಿರಾದ ಹೆಂಗಸಿಗೆ ಬಡಿಸುವಂತೆ ನೂರೊಂದು ಕುಡಿಯ ಪಲ್ಯ ಬಡಿಸಿ, ತಾಯಿ ಬಂದು ಉಂಡು ಹೋಗಲಿ ಎಂದು ಕರೆಯುವುದು ಪದ್ಯವಲ್ಲದೆ ಮತ್ತೇನು? ಈ ಮಾತನ್ನು ನೀನು ಎಷ್ಟೋ ಸಲ ನನಗೆ ಹೇಳಿದ್ದೆ. ಅನ್ನ ತಣ್ಣಗಾಗುತ್ತದೆ, ಉಣ್ಣು ಎಂದಿದ್ದೆ ನಾನು.

ಹಿಂತಿರುಗುವಾಗ ಹಳ್ಳದ ಸಂಕದ ಹತ್ತಿರ ಬಹಳ ಹೊತ್ತು ನಿಂತೆ. ಈ ಪತ್ರ ಬರೆಯಲು ಕಾರಣ ಅದು.

ಆಗ ನಿನಗೆ ಹದಿಮೂರು ವರ್ಷ. ಪುನರ್ವಸು ಮಳೆ ಹಿಡಿದು ನಾಲ್ಕನೆಯ ದಿನ. ಆಗುಂಬೆಯ ಮಗ್ಗುಲಿನ ನಮ್ಮ ಸೀಮೆಯಲ್ಲಿ ಹಳ್ಳ ಯಾವ ಗಳಿಗೆಯಲ್ಲಿ ಏರುತ್ತದೆಂದು ಯಾರೂ ಹೇಳಲಾರರು. ಸಂಜೆ ಐದೂವರೆಯಾದರೂ ನೀನು ಶಾಲೆಯಿಂದ ಬರಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು ಓಡಿಬಂದೆ. ಆಗಿನ ಸಂಕವೆಂದರೆ ಬಳ್ಳಿಯಲ್ಲಿ ಬಿಗಿದ ಮೂರು ಅಡಿಕೆ ಮರಗಳು ಮತ್ತು ಕೈ ಹಿಡಿಯಲು ಒಂದು ಬಿದಿರ ಗಳ, ಅಷ್ಟೇ. ಕೆಂಪು ನೀರು ಆ ಮರಗಳಿಗಿಂತ ಒಂದು ಗೇಣು ಕೆಳಗೆ ಹರಿಯುತ್ತಿತ್ತು. ಆಚೆ ದಡದಲ್ಲಿ ಹಲಸಿನ ಮರದ ಬುಡಕ್ಕೆ ಒರಗಿ ನೀನು ಓದುತ್ತಿದ್ದೆ. ಪ್ಲಾಸ್ಟಿಕ್ ಕೊಪ್ಪೆಯನ್ನು ಪುಸ್ತಕಕ್ಕೆ ಮರೆ ಮಾಡಿ, ನೀನು ಪೂರ್ತಿ ನೆನೆದಿದ್ದೆ. ಕಾಲಿಗೆ ಇಂಬಳ ಕಚ್ಚಿ ರಕ್ತ ಇಳಿಯುತ್ತಿದ್ದುದೂ ನಿನಗೆ ಗೊತ್ತಿರಲಿಲ್ಲ. ನಾನು ಕೂಗಿದೆ, ನಿನಗೆ ಕೇಳಿಸಲಿಲ್ಲ. ದಾಟಿ ಬಂದು, ಪುಸ್ತಕವನ್ನು ನಿನ್ನ ಕೈಯಿಂದ ಕಿತ್ತು, ಹಳ್ಳಕ್ಕೆ ಎಸೆದೆ. ಅದು ಬಿಚ್ಚಿಕೊಂಡೇ ಬಿದ್ದು, ಸ್ವಲ್ಪ ದೂರ ತೇಲಿ, ಕಲ್ಲಿಗೆ ತಗುಲಿ ಮುಳುಗಿತು. ನೀನು ಅಳಲಿಲ್ಲ. ‘ಅದು ಟೀಚರದ್ದು’ ಎಂದೆ, ಅಷ್ಟೇ.

ಇದು ನಿನಗೆ ಗೊತ್ತಿರುವುದು. ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ. ಮರುದಿನ ನಿನ್ನ ಟೀಚರ ಮನೆಗೆ ಹೋಗಿ ನೂರು ರೂಪಾಯಿ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ, ಹುಡುಗಿ ಕ್ಷೇಮವಾಗಿ ಮನೆ ಸೇರಿದಳಲ್ಲ, ಅಷ್ಟು ಸಾಕು ಎಂದರು. ಪುಸ್ತಕದ ಹೆಸರು ಕೇಳಬೇಕೆಂದೇ ಹೋಗಿದ್ದೆ. ಆದರೆ ಹೆಸರನ್ನೂ ನೋಡದೆ ನೀರಿಗೆ ಎಸೆದವನು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಆ ಸಲ ಅಡಿಕೆ ಮಾರಲು ಶಿವಮೊಗ್ಗದ ಮಂಡಿಗೆ ಹೋದಾಗ ಒಂದು ಪುಸ್ತಕದ ಅಂಗಡಿ ಹೊಕ್ಕೆ. ಯಾವ ಪುಸ್ತಕ ಎಂದು ಅಂಗಡಿಯ ಹುಡುಗ ಕೇಳಿದ. ಪದ್ಯದ್ದು, ನೀಲಿ ರಟ್ಟು, ಮೇಲೆ ಒಂದು ಹಕ್ಕಿ ಎಂದೆ. ಅವನು ಪಾಪ, ಐದಾರು ಪುಸ್ತಕ ಇಳಿಸಿ ತೋರಿಸಿದ, ಯಾವುದೂ ಅದಲ್ಲ. ಕೊನೆಗೆ ನಿನಗೆ ಕಂಪಾಸ್ ಪೆಟ್ಟಿಗೆ ಕೊಂಡು ತಂದೆ. ಇರುವಾಗಲೇ ಇನ್ನೊಂದು ಏಕೆ ಎಂದು ನೀನು ಕೇಳಿದ್ದು ನೆನಪಿರಬಹುದು.

ಆ ದಿನದಿಂದ ನೀನು ನನ್ನೆದುರು ಓದಲಿಲ್ಲ. ರಾತ್ರಿ ಅಡಿಕೆ ಸುಲಿಯುವಾಗ ನನ್ನ ಹೆಜ್ಜೆಯ ಸಪ್ಪಳವಾದರೆ ನಿನ್ನ ಮಡಿಲಿನ ಪುಸ್ತಕ ಸಿಪ್ಪೆಯ ರಾಶಿಯೊಳಗೆ ಸೇರುತ್ತಿತ್ತು. ನಾನು ಕಂಡೂ ಕಾಣದವನಂತೆ ದಾಟಿ ಹೋಗುತ್ತಿದ್ದೆ. ಓದು ಎಂದು ಅಲ್ಲಿಯೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತು.

ನನಗೆ ಪದ್ಯದ ಮೇಲೆ ಸಿಟ್ಟಿಲ್ಲ, ಮಗಳೇ. ನಿನ್ನ ಕಾಲಿಗೂ ನೀರಿಗೂ ಗೇಣಿನ ಅಂತರವಿದ್ದಾಗ ನೀನು ನೀರನ್ನು ನೋಡುತ್ತಿರಲಿಲ್ಲ. ನನ್ನ ಹೆದರಿಕೆ ಅಂದೂ ಅದೇ, ಇಂದೂ ಅದೇ. ತೋಟದ ಸ್ಥಿತಿ ನಿನಗೆ ಗೊತ್ತು. 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸಿ ಎರಡು ಸಲ ಹೊಡೆಸಿದರೆ ಅಡಿಕೆಯ ಕೊಳೆರೋಗ ಹೇಗೋ ಹಿಡಿತಕ್ಕೆ ಬರುತ್ತಿತ್ತು. ಈಗ ಬಂದಿರುವ ಎಲೆಚುಕ್ಕಿ ರೋಗ ಹಾಗೆ ಹಿಡಿತಕ್ಕೆ ಸಿಗುವಂಥದ್ದಲ್ಲ. ಒಂದೂವರೆ ಎಕರೆ ತೋಟವನ್ನು ನಂಬಿ ನಿನ್ನ ಮುಂದಿನ ದಿನಗಳನ್ನು ಬಿಡಲು ನನಗೆ ಧೈರ್ಯವಿಲ್ಲ. ಆದ್ದರಿಂದ ಎಂ.ಎ. ಜೊತೆಗೆ ಅಧ್ಯಾಪಕರ ಪರೀಕ್ಷೆಗಳಿಗೂ ಸಿದ್ಧಳಾಗು. ಕುಪ್ಪಳಿಯ ಕುವೆಂಪು ಅವರೂ 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿ, ಪಾಠ ಹೇಳುತ್ತಲೇ ಬರೆದರು. ನೀನು ಈಗ ಕೂತಿರುವ ಮಾನಸಗಂಗೋತ್ರಿಯೇ ಅವರು ಕುಲಪತಿಗಳಾಗಿ ಕಟ್ಟಿದ್ದು. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗನಿಗೆ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ, ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದ ಕಥೆಯನ್ನು ನೀನೇ ನನಗೆ ಹೇಳಿದ್ದೆ. ಹಾಗೆಯೇ ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ಸಂಸಾರ ನಡೆಸಿ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದರು. ಬರವಣಿಗೆಗೆ ಅವಸರ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಕತ್ತಲಾದ ಮೇಲೆ ಒಬ್ಬಳೇ ಕೆರೆಯ ದಂಡೆಯಲ್ಲಿ ಓದುತ್ತ ಕೂರಬೇಡ. ರಸ್ತೆ ದಾಟುವಾಗ ಪದ್ಯ ಯೋಚಿಸಬೇಡ.

ಇಲ್ಲಿಯವರೆಗೆ ಓದಿನೋಡಿದೆ, ಮತ್ತೆ ಉಪದೇಶವೇ ಆಗಿದೆ. ಹೊಡೆದುಹಾಕಬೇಕೆಂದುಕೊಂಡೆ. ಆದರೆ ಅದೂ ನನ್ನ ಮನಸ್ಸಿನ ಮಾತೇ ಆದ್ದರಿಂದ ಇರಲಿ.

ಇನ್ನೊಂದು ಸಂಗತಿ. ಕಳೆದ ವರ್ಷ ವಾರಪತ್ರಿಕೆಯಲ್ಲಿ ಅಚ್ಚಾದ ನಿನ್ನ ಪದ್ಯವನ್ನು ನಾನು ಕತ್ತರಿಸಿ ಸೊಸೈಟಿಯ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದೇನೆ. ಬಚ್ಚಲ ಒಲೆಯ ಮುಂದೆ ಕೂತು ಗೇರುಬೀಜ ಸುಟ್ಟು ತಿನ್ನುವ ಪದ್ಯ ಅದು. ಗೇರುಬೀಜದ ಸೊನೆ ಸಿಡಿಯುವುದನ್ನು ನೀನು ಬರೆದ ಸಾಲು ಎಷ್ಟು ಸರಿಯಾಗಿದೆಯೆಂದರೆ, ಓದಿದಾಗಲೆಲ್ಲ ಬೆರಳು ತಾನಾಗಿ ಹಿಂದಕ್ಕೆ ಬರುತ್ತದೆ. ಅಡಿಕೆ ಕೊನೆ ಕೊಯ್ಯಲು ಬಂದವರಿಗೂ ಓದಿ ಹೇಳಿದ್ದೇನೆ. ನಿನಗೆ ಮಾತ್ರ ಹೇಳಿರಲಿಲ್ಲ.

ಆ ರಾತ್ರಿ ಆಡಿದ್ದು ತಪ್ಪು. ಹಳ್ಳದ ದಡದಲ್ಲಿ ಮಾಡಿದ್ದೂ ತಪ್ಪು. ಕೈ ಹಿಡಿದು ದಾಟಿಸಿದ್ದರೆ ಸಾಕಿತ್ತು, ಪುಸ್ತಕವೂ ನಿನ್ನೊಂದಿಗೆ ದಾಟುತ್ತಿತ್ತು.

ಹಲಸಿನ ಹಪ್ಪಳ, ಜೇನುತುಪ್ಪ ಇಷ್ಟರಲ್ಲೇ ಕಳಿಸುತ್ತೇವೆ. ಮುಂದಿನ ತಿಂಗಳು ಅಡಿಕೆ ಕೊಟ್ಟ ಮೇಲೆ ನಾನೇ ಮೈಸೂರಿಗೆ ಬರುತ್ತೇನೆ. ಅಲ್ಲಿ ಹಳೆಯ ಪುಸ್ತಕ ಮಾರುವ ಅಂಗಡಿಗಳಿವೆಯಂತೆ. ನಿನಗೆ ಉತ್ತರ ಬರೆಯಲು ಮನಸ್ಸಾದರೆ ಉದ್ದ ಬರೆಯಬೇಕಾಗಿಲ್ಲ; ನೀಲಿ ರಟ್ಟಿನ ಆ ಪುಸ್ತಕದ ಹೆಸರೊಂದನ್ನು ಬರೆ.

ಇಂತಿ,
ನಿನ್ನ ಅಪ್ಪಯ್ಯ